ವೀಕ್ಷಣಾ ಬಾವಿಯ ರಾಡಿ ನೀರು: ಪರೀಕ್ಷಾ ವರದಿಯನ್ನು ನಂಬಬಹುದೇ?

ಪ್ರಶ್ನೆ: ನೆಲದಡಿಯ ಡೀಸೆಲ್ ಟ್ಯಾಂಕ್ ಸೋರಿದ ಜಾಗದಲ್ಲಿ ಅಂತರ್ಜಲದ ಮೇಲೆ ನಿಗಾ ಇಡಲು 4 ವೀಕ್ಷಣಾ ಬಾವಿಗಳನ್ನು ಕೊರೆಸಲಾಗಿದೆ. ನೀರು ರಾಡಿಯಾಗಿಯೇ ಬರುತ್ತಿದ್ದು, ವರದಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಸೀಸದ ಪ್ರಮಾಣ ಹೆಚ್ಚೆಂದು ಬಂದಿದೆ. ಕುಡಿಯುವ ನೀರಿನ ಬಾವಿಯಲ್ಲದ ಕಾರಣ ಫ್ಲಶಿಂಗ್ (ಬಾವಿಯೊಳಗಿನ ಜೇಡಿ, ಹೂಳನ್ನು ತೊಳೆದು ತೆಗೆಯುವುದು) ಬೇಕಿಲ್ಲವೆಂದು ಕೊರೆದವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಕುಡಿಯುವ ನೀರು ರಾಡಿಯಾದರೆ ಬಳಸುವವರು ಅಂದೇ ದೂರುತ್ತಾರೆ. ವೀಕ್ಷಣಾ ಬಾವಿಯ ರಾಡಿಯಾದರೋ ವರದಿಯ ಅಂಕಿಯೊಳಗೆ ಸೇರಿಹೋಗುತ್ತದೆ, ಆ ಅಂಕಿಯನ್ನೇ ನಂಬಿ ಮುಂದಿನ ತೀರ್ಮಾನಗಳು ಆಗುತ್ತವೆ. ಲೋಹಗಳ ಪರೀಕ್ಷೆಗೆ ತೆಗೆದ ನೀರಿಗೆ ನೈಟ್ರಿಕ್ ಆಮ್ಲ ಬೆರೆಸಿಡುವುದು ರೂಢಿ. ಆ ನೀರಿನಲ್ಲಿ ಜೇಡಿಯ ಕಣಗಳು ತೇಲುತ್ತಿದ್ದರೆ, ಅವುಗಳಲ್ಲಿ ಸಹಜವಾಗಿಯೇ ಇರುವ ಕಬ್ಬಿಣ, ಅಲ್ಯೂಮಿನಿಯಂ, ಸೀಸ ಆಮ್ಲಕ್ಕೆ ಸಿಕ್ಕಿ ಕರಗುತ್ತವೆ. ನೆಲದೊಳಗೆ ಹರಿಯುವ ನೀರಿನಲ್ಲಿ ಇಲ್ಲದ ಲೋಹ ಹೀಗೆ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ನಿಮ್ಮ ಅಲ್ಯೂಮಿನಿಯಂ ಮತ್ತು ಸೀಸದ ಬಗ್ಗೆ ನನಗಿರುವುದು ಈ ಅನುಮಾನವೇ. ಕಬ್ಬಿಣವನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಡೀಸೆಲನ್ನು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕ ಮುಗಿದ ಮೇಲೆ ಮಣ್ಣಿನ ಕಬ್ಬಿಣವನ್ನು ಕರಗಿಸತೊಡಗುತ್ತವೆ, ಆದ್ದರಿಂದ ಅದು ಮಾಲಿನ್ಯದ ನಿಜವಾದ ಗುರುತೂ ಆಗಿರಬಹುದು. 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿದ ಮಾದರಿಯನ್ನೂ ಸೋಸದ ಮಾದರಿಯನ್ನೂ ಒಟ್ಟಿಗೆ ಪರೀಕ್ಷಿಸಿದರೆ ಸುಳಿವು ಸಿಗುತ್ತದೆ. ಆದರೆ ಬಾವಿಯನ್ನು ರಾಡಿಯಾಗಿಯೇ ಬಿಟ್ಟು ನೀರನ್ನು ಸೋಸುತ್ತ ಹೋಗುವುದು ಪರಿಹಾರವಲ್ಲ.

ಕೊರೆಯುವಾಗ ಬಾವಿಯ ಗೋಡೆಗೆ ಜೇಡಿ ಮೆತ್ತಿಕೊಂಡು ನೀರಿನ ದಾರಿ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಿ ಹೊರತೆಗೆಯುವ ಕೆಲಸವನ್ನು ಗ್ರೌಟ್ (ಪೈಪಿನ ಸುತ್ತಲಿನ ಸಂದಿಗೆ ತುಂಬುವ ಸಿಮೆಂಟ್ ಗಾರೆ) ಗಟ್ಟಿಯಾದ ಮೇಲೆ, ಕನಿಷ್ಠ 24 ಗಂಟೆ ಬಿಟ್ಟು ಆರಂಭಿಸಬೇಕು. ಬರೀ ಪಂಪ್ ಹಚ್ಚಿ ನೀರೆತ್ತಿದರೆ ಸಾಲದು. ನೀರು ಒಂದೇ ದಿಕ್ಕಿಗೆ ನುಗ್ಗುವಾಗ ಕಣಗಳು ಒಂದಕ್ಕೊಂದು ಆತು ನೀರು ಒಳಬರಲು ಜರಡಿ ಪೈಪಿನಲ್ಲಿ ಕೊರೆದ ಸೀಳುಗಳ ಬಾಯಲ್ಲಿ ಕಮಾನು ಕಟ್ಟಿ ನಿಂತುಬಿಡುತ್ತವೆ. ಪೈಪಿನೊಳಗೆ ಪಿಸ್ಟನ್ನಿನಂತೆ ಆಡುವ ಸರ್ಜ್ ಬ್ಲಾಕನ್ನು ಜರಡಿ ಪೈಪಿನ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಸರಿಸುತ್ತ, ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ ಮೇಲೆ ಕೆಳಗೆ ಆಡಿಸಿದಾಗ ನೀರು ಒಳಕ್ಕೂ ಹೊರಕ್ಕೂ ಹರಿದು ಆ ಕಮಾನು ಮುರಿಯುತ್ತದೆ. ನಡುನಡುವೆ ತಳದ ಹೂಳನ್ನು ಹಗ್ಗ ಕಟ್ಟಿ ಇಳಿಸುವ ಬೇಲರ್ ಕೊಳವೆಯಿಂದಲೋ ಪಂಪಿನಿಂದಲೋ ತೆಗೆಯಬೇಕು. ಕಂಪ್ರೆಸರ್ ಗಾಳಿ ಊದುವ ಸುಲಭದ ದಾರಿಯನ್ನು ಇಂಥ ಜಾಗದಲ್ಲಿ ನಾನು ಒಪ್ಪುವುದಿಲ್ಲ, ಏಕೆಂದರೆ ಆ ಗಾಳಿಯಲ್ಲಿ ಎಣ್ಣೆಯ ಅಂಶವಿರಬಹುದು, ಜೊತೆಗೆ ಅದು ನೀರಿನ ರಾಸಾಯನಿಕ ಸ್ಥಿತಿಯನ್ನೂ ಬದಲಿಸುತ್ತದೆ.

ಸತತ ಅಳತೆಗಳಲ್ಲಿ ಪಿಎಚ್ 0.1ರಷ್ಟು, ವಿದ್ಯುತ್ ವಾಹಕತೆ ಶೇ. 3ರಷ್ಟು ವ್ಯತ್ಯಾಸದೊಳಗೆ ನಿಂತು, ನೀರಿನ ಬಗ್ಗಡ 10 ಎನ್‌ಟಿಯುಗಿಂತ (ಬಗ್ಗಡವನ್ನು ಅಳೆಯುವ ಮಾನ) ಕೆಳಗಿಳಿದರೆ ಬಾವಿ ಸಿದ್ಧವಾಯಿತೆನ್ನಬಹುದು. ಜೇಡಿ ನೆಲದಲ್ಲಿ ಬಗ್ಗಡ ಅಷ್ಟು ಇಳಿಯದೆಯೂ ಇರಬಹುದು. ಆಗ ಎಷ್ಟು ಹೊತ್ತು ಶ್ರಮಿಸಲಾಯಿತು, ಎಷ್ಟು ನೀರು ತೆಗೆಯಲಾಯಿತು ಎಂಬುದನ್ನು ಬರೆದಿಡುವುದೇ ಪ್ರಾಮಾಣಿಕ ಕ್ರಮ. ಕೊರೆಯುವಾಗ ಹೊರಗಿನ ನೀರು ಸುರಿದಿದ್ದರೆ ಅದಕ್ಕಿಂತ ಹೆಚ್ಚಿನ ನೀರನ್ನು ಹೊರತೆಗೆಯಲೇಬೇಕು. ತೆಗೆದ ನೀರನ್ನು ನೆಲಕ್ಕೆ ಚೆಲ್ಲದೆ, ಪರೀಕ್ಷೆಯ ಫಲ ತಿಳಿಯುವವರೆಗೆ ಡ್ರಮ್ಮುಗಳಲ್ಲಿ ಹಿಡಿದಿಡಿ. ಇಷ್ಟಾದ ಮೇಲೆ ಬಾವಿಗೆ ಒಂದೆರಡು ವಾರ ವಿಶ್ರಾಂತಿ ಕೊಟ್ಟು ಹೊಸ ಮಾದರಿ ತೆಗೆಯಿರಿ. ಪಿಎಚ್ 10 ದಾಟಿ ಅಲ್ಲೇ ನಿಂತರೆ ಸಿಮೆಂಟ್ ಗ್ರೌಟ್ ಜರಡಿ ಪೈಪಿನವರೆಗೆ ಇಳಿದಿರುವ ಸಂಭವವಿದೆ. ಅಂಥ ಬಾವಿಯನ್ನು ಮುಚ್ಚಿ ಬೇರೆ ಕೊರೆಸುವುದೇ ಲೇಸು.

ಪ್ರಶ್ನೆ: ಜರಡಿ ಪೈಪನ್ನು ಬಾವಿಯ ಪೂರ್ತಿ ಆಳಕ್ಕೂ ಇಳಿಸಿದರೆ ಯಾವ ಆಳದ ಮಾಲಿನ್ಯವೂ ತಪ್ಪಿಸಿಕೊಳ್ಳದಲ್ಲವೇ?

ಉತ್ತರ: ಹಾಗೆ ಮಾಡಿದರೆ ಶುದ್ಧ ಪದರದ ನೀರು ಮಲಿನ ಪದರದ ನೀರಿನೊಡನೆ ಬೆರೆತು ವರದಿಯ ಅಂಕಿ ತಗ್ಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೇಲಿನ ಮಾಲಿನ್ಯ ಕೆಳಗಿನ ಪದರಕ್ಕೆ ಇಳಿಯಲು ಬಾವಿಯೇ ದಾರಿಯಾಗುತ್ತದೆ. ಜರಡಿಯ ಉದ್ದವನ್ನು ಸಾಮಾನ್ಯವಾಗಿ 3 ಮೀಟರಿನ ಆಸುಪಾಸಿನಲ್ಲಿ ಇಡುತ್ತಾರೆ. ಡೀಸೆಲ್ ನೀರಿನ ಮೇಲೆ ತೇಲುವುದರಿಂದ, ನೀರಿನ ಮಟ್ಟ ಋತುಮಾನಕ್ಕೆ ತಕ್ಕಂತೆ ಏರಿಳಿದರೂ ಅದು ಜರಡಿಯ ವ್ಯಾಪ್ತಿಯೊಳಗೇ ಇರುವಂತೆ ಕೂರಿಸಬೇಕು. ಟ್ರೈಕ್ಲೋರೋಎಥಿಲೀನಿನಂತಹ ನೀರಿಗಿಂತ ಭಾರವಾದ ದ್ರಾವಕ ಸೋರಿದ್ದರೆ ಜಲಪದರದ ತಳಕ್ಕೆ ಪ್ರತ್ಯೇಕ ಬಾವಿಯೇ ಬೇಕು. ಜರಡಿಯ ಸುತ್ತ ಹಾಕುವ ಮರಳು ಅದರ ಮೇಲೆ ಸುಮಾರು 60 ಸೆಂಟಿಮೀಟರ್ ಏರಿರಬೇಕು, ಅದರ ಮೇಲೆ ಅಷ್ಟೇ ದಪ್ಪದ ಬೆಂಟೊನೈಟ್ ಜೇಡಿ ನೀರು ಹೀರಿ ಉಬ್ಬಿ ಬಿಗಿಯಾಗಿ ಕೂತಿರಬೇಕು, ಗ್ರೌಟ್ ಸುರಿಯುವುದು ಆಮೇಲಿನ ಮಾತು.

ಪ್ರಶ್ನೆ: ಪಿವಿಸಿ ಕೇಸಿಂಗ್ ಪೈಪುಗಳನ್ನು ಸಾಲ್ವೆಂಟ್ ಸಿಮೆಂಟಿನಿಂದ ಅಂಟಿಸಬಹುದೇ?

ಉತ್ತರ: ಬೇಡ, ತಿರುಪು ಜೋಡಣೆಯ ಪೈಪುಗಳನ್ನೇ ಬಳಸಿ. ಆ ಅಂಟಿನಲ್ಲಿರುವ ಟೆಟ್ರಾಹೈಡ್ರೋಫ್ಯುರಾನ್, ಮೀಥೈಲ್ ಈಥೈಲ್ ಕೀಟೋನ್‌ಗಳು ನೀರಿಗೆ ಸೇರಿ ವರದಿಯಲ್ಲಿ ಕಾಣಿಸಿಕೊಳ್ಳುತ್ತವೆ. ಈಗಾಗಲೇ ಅಂಟಿಸಿದ್ದರೆ ಬಾವಿಯ ದಾಖಲೆಯಲ್ಲಿ ಅದನ್ನು ಸ್ಪಷ್ಟವಾಗಿ ನಮೂದಿಸಿ, ಪ್ರಯೋಗಾಲಯಕ್ಕೂ ತಿಳಿಸಿ.