ಮರೆವಿನ ಕಾಯಿಲೆಗೆ ಕೊಲೆಸ್ಟ್ರಾಲ್ ಮಾತ್ರೆ ಮದ್ದೇ?

ಪ್ರಶ್ನೆ: ನಮ್ಮ ತಾಯಿಗೆ 74 ವರ್ಷ. ಅಲ್ಜೈಮರ್ ಕಾಯಿಲೆಗೆ ಡೊನೆಪೆಜಿಲ್ 10 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಹೃದಯದ ತೊಂದರೆಯಾಗಲಿ, ಸಕ್ಕರೆ ಕಾಯಿಲೆಯಾಗಲಿ ಇಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯಿಂದ ಮರೆವು ತಗ್ಗುತ್ತದೆ ಎಂದು ಓದಿದೆ. ಶುರು ಮಾಡಿಸಬಹುದೇ?

ಉತ್ತರ: ಮರೆವು ತಗ್ಗಲಿ ಎಂಬ ಒಂದೇ ಕಾರಣಕ್ಕಾದರೆ ಬೇಡ. ನೀವು ಓದಿದ್ದು ಬುಡವಿಲ್ಲದ ಮಾತೇನಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಸ್ಟಾಟಿನ್ ಸೇವಿಸುವವರಲ್ಲಿ ಡಿಮೆನ್ಶಿಯಾ (ಅಲ್ಜೈಮರ್‌ನಂಥ ಮರೆವಿನ ಕಾಯಿಲೆ) ಬಹಳ ಕಡಿಮೆ ಎಂದು ತೋರಿಸಿದ್ದವು. ಆದರೆ ಅವು ವೈದ್ಯಕೀಯ ದಾಖಲೆಗಳಿಂದ ತೆಗೆದ ಲೆಕ್ಕಗಳು. ಡಿಮೆನ್ಶಿಯಾ ಗುರುತಿಗೆ ಸಿಗುವ ಎಷ್ಟೋ ವರ್ಷ ಮೊದಲೇ ತೂಕವೂ ಕೊಲೆಸ್ಟ್ರಾಲೂ ತಾವಾಗಿ ಇಳಿಯತೊಡಗುತ್ತವೆ. ಮರೆವು ಶುರುವಾದವರಿಗೆ ಹೊಸ ಮಾತ್ರೆ ಬರೆಯುವುದೂ ಕಡಿಮೆ. ಹೀಗಾಗಿ ಸ್ಟಾಟಿನ್ ಸೇವಿಸುವವರ ಗುಂಪಿನಲ್ಲಿ ಮೊದಲಿನಿಂದಲೇ ಚುರುಕಾಗಿರುವವರು ಹೆಚ್ಚಿರುತ್ತಾರೆ. ಮಾತ್ರೆಯೇ ಕಾಪಾಡಿತು ಎಂದು ನಮಗೆ ಕಾಣುತ್ತದೆ.

ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದಾಗ ಫಲ ಬೇರೆಯೇ ಬಂತು. ನಿಮ್ಮ ತಾಯಿಯವರಂತೆ ಡೊನೆಪೆಜಿಲ್ 10 ಮಿ.ಗ್ರಾಂ ಪಡೆಯುತ್ತಿದ್ದ ಸುಮಾರು 640 ಅಲ್ಜೈಮರ್ ರೋಗಿಗಳ ಪೈಕಿ ಒಂದು ಗುಂಪಿಗೆ ಅಟೊರ್ವಾಸ್ಟಾಟಿನ್ 80 ಮಿ.ಗ್ರಾಂ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆಯನ್ನು 72 ವಾರ ಕೊಡಲಾಯಿತು. ನೆನಪಿನಲ್ಲಾಗಲಿ, ದಿನನಿತ್ಯದ ಕೆಲಸಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 406 ಜನರಿಗೆ ಸಿಮ್ವಾಸ್ಟಾಟಿನ್ ಅಥವಾ ಹುಸಿಮಾತ್ರೆಯನ್ನು 18 ತಿಂಗಳು ಕೊಟ್ಟ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿತು.

ಕಾರಣದ ಒಂದು ಭಾಗ ಮೆದುಳಿನ ರಚನೆಯಲ್ಲೇ ಇದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮೆದುಳು ದೇಹದ ಕೊಲೆಸ್ಟ್ರಾಲ್‌ನ ಶೇ 20ಕ್ಕೂ ಹೆಚ್ಚನ್ನು ಹಿಡಿದಿಟ್ಟುಕೊಂಡಿದೆ. ಅದನ್ನು ಬಹುಪಾಲು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿರುವ, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್‌ಗೆ ಒಳಗೆ ಪ್ರವೇಶವಿಲ್ಲ. ರಕ್ತದ ವರದಿಯಲ್ಲಿ ಎಲ್‌ಡಿಎಲ್ ಅರ್ಧಕ್ಕಿಳಿದರೂ ಮೆದುಳಿನಲ್ಲಿ ಅಷ್ಟೇ ಇಳಿಯಿತೆಂದು ತಿಳಿಯಬಾರದು. ಮೇಲಾಗಿ, ಲಕ್ಷಣಗಳು ಕಾಣುವ ವೇಳೆಗೆ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಅಲ್ಜೈಮರ್ ಸಂಬಂಧಿ ಪ್ರೋಟೀನ್ ಶೇಖರವಾಗತೊಡಗಿ ಒಂದೆರಡು ದಶಕಗಳೇ ಕಳೆದಿರುತ್ತವೆ.

ಸ್ಕ್ಯಾನ್‌ನಲ್ಲಿ ಹಳೆಯ ಪಾರ್ಶ್ವವಾಯುವಿನ ಗುರುತು ಕಂಡಿದ್ದರೆ ಮಾತು ಬೇರೆ. ಮತ್ತೊಂದು ಪಾರ್ಶ್ವವಾಯು ಬಾರದಿರಲು ಆಗ ಸ್ಟಾಟಿನ್ ಬೇಕಾಗಬಹುದು. ವರದಿಯನ್ನು ಮುಂದಿಟ್ಟು ನರರೋಗ ತಜ್ಞರನ್ನು ಕೇಳಿ.

ಪ್ರಶ್ನೆ: ಸ್ಟೆಂಟ್ ಹಾಕಿಸಿಕೊಂಡಿರುವ ನಮ್ಮ ತಂದೆಗೆ ಅಟೊರ್ವಾಸ್ಟಾಟಿನ್ ಕೊಡುತ್ತಿದ್ದೇವೆ. ಈಚೆಗೆ ಮರೆವು ಹೆಚ್ಚಾಗಿದೆ. ಮಾತ್ರೆ ನಿಲ್ಲಿಸೋಣವೇ?

ಉತ್ತರ: ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಸ್ಟಾಟಿನ್ ಬಿಟ್ಟರೆ ಹೃದಯಾಘಾತದ ಅಪಾಯ ಏರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಸ್ಟಾಟಿನ್‌ಗಳ ಮಾಹಿತಿಪತ್ರಕ್ಕೆ ಮರೆವು, ಗೊಂದಲದ ಎಚ್ಚರಿಕೆಯನ್ನು ಸೇರಿಸಿದ್ದು ನಿಜ. ಅಂಥ ದೂರುಗಳು ವಿರಳ, ಮಾತ್ರೆ ಬಿಟ್ಟ ಮೇಲೆ ಹೋಗುವಂಥವು ಎಂದೂ ಅದೇ ಸಂಸ್ಥೆ ಹೇಳಿದೆ. 20 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಸಿಮ್ವಾಸ್ಟಾಟಿನ್ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನೆನಪಿನ ಶಕ್ತಿ ಒಂದೇ ಮಟ್ಟದಲ್ಲಿತ್ತು.

ಮಾತ್ರೆ ಶುರುವಾದ ದಿನ, ಪ್ರಮಾಣ ಬದಲಾದ ದಿನ, ಮರೆವು ಕಂಡ ದಿನ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವರ್ಷಗಟ್ಟಲೆ ಒಂದೇ ಪ್ರಮಾಣ ತೆಗೆದುಕೊಂಡ ಮೇಲೆ ಬಂದ ಮರೆವಿಗೆ ಬೇರೆ ಕಾರಣ ಇರುವ ಸಂಭವವೇ ಹೆಚ್ಚು. ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಖಿನ್ನತೆ ಇದೆಯೇ, ಕಿವಿ ಮಂದವಾಗಿದೆಯೇ ಎಂದೂ ನೋಡಿಸಿ. ನಿದ್ರೆಮಾತ್ರೆ, ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಅಲರ್ಜಿಯ ಹಳೆಯ ಮಾತ್ರೆಗಳು ಮುಪ್ಪಿನಲ್ಲಿ ನೆನಪನ್ನು ಕೆಡಿಸುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ಆಮೇಲೂ ಅನುಮಾನ ಉಳಿದರೆ ಹೃದ್ರೋಗ ತಜ್ಞರು ರೊಸುವಾಸ್ಟಾಟಿನ್‌ನಂಥ ಬೇರೊಂದಕ್ಕೆ ಬದಲಾಯಿಸಬಹುದು. ಬದಲಾಯಿಸುವ ಮೊದಲು ಮತ್ತು ಒಂದೆರಡು ತಿಂಗಳ ನಂತರ ಒಂದೇ ನೆನಪಿನ ಪರೀಕ್ಷೆ ಮಾಡಿಸಿದರೆ ಊಹೆಗೆ ಎಡೆಯಿರುವುದಿಲ್ಲ.

ಪ್ರಶ್ನೆ: ನನಗೆ 48 ವರ್ಷ, ಎಲ್‌ಡಿಎಲ್ 168. ಈಗಲೇ ಮಾತ್ರೆ ಶುರು ಮಾಡಿದರೆ ಮುಂದೆ ಡಿಮೆನ್ಶಿಯಾ ತಪ್ಪುತ್ತದೆಯೇ?

ಉತ್ತರ: ತಪ್ಪೇ ತಪ್ಪುತ್ತದೆ ಎಂದು ಭರವಸೆ ಕೊಡಲಾಗದು. ಆದರೆ ಎಲ್‌ಡಿಎಲ್ ಬಗ್ಗೆ ಯೋಚಿಸಲು ಇದೇ ಸರಿಯಾದ ವಯಸ್ಸು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಡಿಮೆನ್ಶಿಯಾದ 14 ಅಪಾಯಕಾರಣಗಳನ್ನು ಪಟ್ಟಿ ಮಾಡಿದಾಗ ನಡುವಯಸ್ಸಿನ ಹೆಚ್ಚಿನ ಎಲ್‌ಡಿಎಲ್ ಹೊಸದಾಗಿ ಸೇರಿತು. ಮಾತ್ರೆ ಬೇಕೇ ಎಂಬುದನ್ನು ರಕ್ತದೊತ್ತಡ, ಸಕ್ಕರೆ, ಧೂಮಪಾನ, ಮನೆತನದ ಹೃದ್ರೋಗ ಎಲ್ಲವನ್ನೂ ಕೂಡಿಸಿ, ಹೃದಯದ ಲೆಕ್ಕದಲ್ಲೇ ವೈದ್ಯರು ತೀರ್ಮಾನಿಸುತ್ತಾರೆ. ಶುರು ಮಾಡಿದರೆ 6ರಿಂದ 12 ವಾರಗಳೊಳಗೆ ಎಲ್‌ಡಿಎಲ್ ಮತ್ತೆ ನೋಡಿಸಿ. ಸ್ನಾಯುಗಳಲ್ಲಿ ತೀವ್ರ ನೋವಿನೊಂದಿಗೆ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಿ.