ಎರಡೂ ಒಟ್ಟಿಗೆ ಕೈಕೊಟ್ಟರೆ ಮೊದಲು ಹಿಂಜ್ ನೋಡಿ

ಪ್ರಶ್ನೆ: ಮೇಡಂ, ನನ್ನದು ಪೂರ್ತಿ ಹಿಂದಕ್ಕೆ ಮಡಚಿ ಟ್ಯಾಬ್ಲೆಟ್ ಮಾಡಿಕೊಳ್ಳಬಹುದಾದ ಲ್ಯಾಪ್‌ಟಾಪ್. ಮೂರು ವರ್ಷದ್ದು, ವಿಂಡೋಸ್ 11 ಇದೆ. ಮೊನ್ನೆ ರಾತ್ರಿ ಟೆಂಟ್ ಹಾಗೆ ನಿಲ್ಲಿಸಿಕೊಂಡು ಸಿನಿಮಾ ನೋಡಿ ಮಲಗಿದೆ. ಬೆಳಗ್ಗೆ ಸರಿಯಾಗಿ ತೆರೆದು ಕೂತರೆ ಕೀಬೋರ್ಡೂ ಇಲ್ಲ, ಟಚ್‌ಪ್ಯಾಡೂ ಇಲ್ಲ. ಸ್ಕ್ರೀನ್ ಮುಟ್ಟಿದರೆ ಎಲ್ಲ ಕೆಲಸ ಮಾಡುತ್ತದೆ. ಯುಎಸ್‌ಬಿ ಮೌಸ್ ಕೂಡ ಓಡುತ್ತದೆ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ರಿಪೇರಿಯವರಿಗೆ ಫೋನ್ ಮಾಡಿದರೆ, ‘ಎರಡೂ ಒಟ್ಟಿಗೆ ಹೋಗಿದೆ ಅಂದ್ರೆ ಮದರ್‌ಬೋರ್ಡೇ ಇರಬೇಕು, ತಂದುಕೊಡಿ’ ಎಂದರು. ಕೊಡಲೇ? ಒಂದು ವರದಿ ಮುಗಿಸಬೇಕಿದೆ, ತಲೆ ಕೆಟ್ಟುಹೋಗಿದೆ.

ಉತ್ತರ: ಈಗಲೇ ಕೊಡಬೇಡಿ. ಮೊದಲು ವರದಿ ಮುಗಿಸಿ. ಯಾವುದಾದರೂ ಯುಎಸ್‌ಬಿ ಕೀಬೋರ್ಡ್ ಇದ್ದರೆ ಚುಚ್ಚಿಕೊಂಡು ಕೂತುಬಿಡಿ, ಮೌಸ್ ಓಡುತ್ತಿದ್ದರೆ ಅದೂ ಓಡುತ್ತದೆ. ಪಾಸ್‌ವರ್ಡ್ ಹಾಕುವ ಪರದೆಯಲ್ಲೇ ಸಿಕ್ಕಿಕೊಂಡರೆ, ಬಲಗಡೆ ಕೆಳಗೆ ಪುಟ್ಟ ಮನುಷ್ಯನ ಚಿತ್ರ ಇರುತ್ತದೆ. ಅದನ್ನು ಮುಟ್ಟಿದರೆ ಬರುವ ಪಟ್ಟಿಯಲ್ಲಿ ಆನ್-ಸ್ಕ್ರೀನ್ ಕೀಬೋರ್ಡ್ ಇರುತ್ತದೆ. ಲ್ಯಾಪ್‌ಟಾಪಿನ ವಿಚಾರ ಆಮೇಲೆ ನೋಡಿಕೊಳ್ಳೋಣ.

ವರದಿ ಕಳಿಸಿ ಬಂದಿರಾ? ಸರಿ. ‘ಎರಡೂ ಒಟ್ಟಿಗೆ ಹೋಗಿದೆ, ಅದಕ್ಕೇ ಮದರ್‌ಬೋರ್ಡ್’ ಎಂದರಲ್ಲ, ನಾನು ಅದೇ ಮಾತನ್ನು ತಿರುಗಿಸಿ ಹೇಳುತ್ತೇನೆ. ಎರಡೂ ಒಟ್ಟಿಗೆ ಹೋಗಿದೆ, ಅದಕ್ಕೇ ಬಹುಶಃ ಯಾವುದೂ ಹೋಗಿಲ್ಲ.

ಯಾಕೆ ಅಂದರೆ ಇವೆರಡೂ ಒಳಗೆ ಬೇರೆ ಬೇರೆ ದಾರಿಯಲ್ಲಿ ಓಡಾಡುತ್ತವೆ. ನೀವು ಒತ್ತಿದ ಕೀ ಮೊದಲು ಹೋಗುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿಗೆ. ಅಲ್ಲಿಂದ ವಿಂಡೋಸ್‌ಗೆ. ಸಾಮಾನ್ಯವಾಗಿ ಅದು ವಿಂಡೋಸ್‌ಗೆ ಕಾಣುವುದು ಪಿಎಸ್/2 ಕೀಬೋರ್ಡ್ ಆಗಿ. 1987ರಲ್ಲಿ ಐಬಿಎಂ ತನ್ನ ಕಂಪ್ಯೂಟರುಗಳಿಗೆ ಇಟ್ಟ ಹೆಸರು ಅದು, ಇನ್ನೂ ಬಿಟ್ಟು ಹೋಗಿಲ್ಲ. ಟಚ್‌ಪ್ಯಾಡ್ ದಾರಿಯೇ ಬೇರೆ. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಅದು ಐ2ಸಿ ಎಂಬ ಸಂಪರ್ಕದ ಮೇಲೆ ಬರುತ್ತದೆ. ರಿಬ್ಬನ್ ಕೇಬಲ್ ಬೇರೆ, ಡ್ರೈವರ್ ಬೇರೆ. ಮೇಲೆ ನೀರೋ ಕಾಫಿಯೋ ಚೆಲ್ಲದೆ, ಕೆಳಗೆ ಬೀಳಿಸದೆ, ಎರಡೂ ಒಂದೇ ರಾತ್ರಿ ಸಾಯುವುದು ಅಪರೂಪ. ಆದರೆ ಯಾರಾದರೂ ಎರಡಕ್ಕೂ ಒಟ್ಟಿಗೆ ‘ಬಾಯಿ ಮುಚ್ಚಿಕೊಂಡಿರಿ’ ಎಂದರೆ? ಮಡಚುವ ಲ್ಯಾಪ್‌ಟಾಪಿನಲ್ಲಿ ಹಾಗೆ ಹೇಳುವವರು ಒಬ್ಬರಿದ್ದಾರೆ. ಹಿಂಜ್, ಅಂದರೆ ಪರದೆ ಮಡಚುವ ಕೀಲು, ಅದನ್ನು ಕಾಯುವ ಸೆನ್ಸರ್.

ಪರದೆಯನ್ನು ಹಿಂದಕ್ಕೆ ಮಡಚಿ ಹಿಡಿದಾಗ ನಿಮ್ಮ ಬೆರಳುಗಳು ಇರುವುದು ಕೀಬೋರ್ಡ್ ಮೇಲೆ. ಆಗ ಸುಮ್ನೆ ಏನೇನೋ ಟೈಪ್ ಆಗಬಾರದು ಅಲ್ವಾ? ಅದಕ್ಕೇ ಪರದೆ 180 ಡಿಗ್ರಿ ದಾಟಿ ಸ್ವಲ್ಪ ಮುಂದೆ ಹೋದ ಕೂಡಲೇ ಯಂತ್ರ ಕೀಬೋರ್ಡ್, ಟಚ್‌ಪ್ಯಾಡ್ ಎರಡನ್ನೂ ನಿಲ್ಲಿಸುತ್ತದೆ. ನಿಮ್ಮದಕ್ಕೆ ತಾನು ಇನ್ನೂ ಟೆಂಟ್ ಆಗಿಯೇ ನಿಂತಿದ್ದೇನೆ ಎಂಬ ಭ್ರಮೆ.

ಇದನ್ನು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು, ಸ್ಕ್ರೂಡ್ರೈವರ್ ಬೇಕಾಗಿಲ್ಲ. ಬಲಗಡೆ ಕೆಳಗೆ ವೈಫೈ, ಸ್ಪೀಕರ್ ಚಿತ್ರಗಳಿರುವ ಕಡೆ ಮುಟ್ಟಿ. ಬರುವ ಚೌಕಗಳಲ್ಲಿ ರೊಟೇಶನ್ ಲಾಕ್ ಅಂತ ಒಂದು ಇರುತ್ತದೆ, ಕಾಣದಿದ್ದರೆ ಚೌಕಗಳನ್ನು ಮೇಲಕ್ಕೆ ಸರಿಸಿ ನೋಡಿ. ಲ್ಯಾಪ್‌ಟಾಪ್ ಹಾಗೆ ತೆರೆದಿಟ್ಟಾಗ ಅದು ಮಂಕಾಗಿರಬೇಕು, ಮುಟ್ಟಿದರೂ ಜಪ್ಪಯ್ಯ ಅನ್ನಬಾರದು. ಮುಟ್ಟಿದರೆ ಬದಲಾಗುತ್ತಿದೆಯೇ? ಯಂತ್ರವನ್ನು ಎತ್ತಿ ಪಕ್ಕಕ್ಕೆ ತಿರುಗಿಸಿದರೆ ಪರದೆಯ ಚಿತ್ರವೂ ತಿರುಗುತ್ತದೆಯೇ? ಹಾಗಾದರೆ ಅದು ತಾನು ಟ್ಯಾಬ್ಲೆಟ್ ಎಂದುಕೊಂಡಿದೆ. ಕೀಬೋರ್ಡ್ ಬದಲಿಸಿ ಪ್ರಯೋಜನ ಇಲ್ಲ.

ಈ ಸೆನ್ಸರ್ ತಪ್ಪು ತಿಳಿಯುವುದಕ್ಕೆ ಕಾರಣ ಹಲವು. ನಾನು ಸ್ವತಃ ಮೂರ್ಖಳಾದ ಒಂದು ಕಾರಣವನ್ನು ಮೊದಲು ಹೇಳುತ್ತೇನೆ.

ನನ್ನ ಮಡಚುವ ಯಂತ್ರಕ್ಕೂ ಹೀಗೇ ಆಗಿತ್ತು. ಇಷ್ಟು ವರ್ಷ ಬೇರೆಯವರ ಯಂತ್ರ ಬಿಚ್ಚಿದ ಕೈ ಸುಮ್ಮನಿರುತ್ತದೆಯೇ? ಅಡಿಯ ಹತ್ತು ಸ್ಕ್ರೂ ತೆಗೆದೆ, ಕೀಬೋರ್ಡ್ ರಿಬ್ಬನ್ ಎಳೆದು ಒರೆಸಿ ಮತ್ತೆ ಹಾಕಿದೆ. ಆನ್ ಮಾಡಿದರೆ ಕೆಲಸ ಮಾಡಿತು. ಬೀಗುತ್ತಾ ಮೇಜಿಗೆ ತಂದಿಟ್ಟರೆ ಮತ್ತೆ ಕೀಬೋರ್ಡ್ ಇಲ್ಲ. ಮತ್ತೆ ಬಿಚ್ಚಿದೆ. ಬಿಚ್ಚುವ ಜಾಗದಲ್ಲಿ ಸರಿ, ಮೇಜಿನ ಮೇಲೆ ಇಲ್ಲ. ಮೂರನೆಯ ಸಲ ಎತ್ತಿ ಒಯ್ಯುವಾಗ ಗೊತ್ತಾಯಿತು: ಮೇಜಿನ ಮೇಲೆ ನಾನು ಅದನ್ನು ಇಡುತ್ತಿದ್ದದ್ದು ಹಳೆಯ ಇನ್ನೊಂದು ಲ್ಯಾಪ್‌ಟಾಪಿನ ಮೇಲೆ! ಎತ್ತರ ಸರಿಹೋಗುತ್ತದೆ ಅಂತ.

ಹೀಗಾಗಲು ಕಾರಣ ಸರಳ. ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನಲ್ಲಿ ಸಣ್ಣ ಮ್ಯಾಗ್ನೆಟ್ ಇರುತ್ತದೆ. ಹಲವು ಮಾದರಿಗಳಲ್ಲಿ ಕೆಳಭಾಗದಲ್ಲಿ ಹಾಲ್ ಸೆನ್ಸರ್ ಇರುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಮೂಲ, ಮ್ಯಾಗ್ನೆಟ್ ಹತ್ತಿರ ಬಂದರೆ ಇದಕ್ಕೆ ತಿಳಿಯುತ್ತದೆ. ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಮಡಚಿದಾಗ ಆ ಮ್ಯಾಗ್ನೆಟ್ ಬಂದು ಕೂರುವುದು ಯಂತ್ರದ ಅಡಿಗೆ. ಅಡಿಯಿಂದ ಮ್ಯಾಗ್ನೆಟ್ ಬಂತೆಂದರೆ ‘ಓ, ಟ್ಯಾಬ್ಲೆಟ್ ಆಯಿತು’ ಎಂದು ತೀರ್ಮಾನ. ಆ ಮ್ಯಾಗ್ನೆಟ್ ತನ್ನ ಮುಚ್ಚಳದ್ದೋ, ಕೆಳಗಿರುವ ಬೇರೆ ಲ್ಯಾಪ್‌ಟಾಪಿನದ್ದೋ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಹತ್ತು ಸ್ಕ್ರೂ, ಮೂರು ಸಲ, ಅರ್ಧ ಭಾನುವಾರ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಆದ್ದರಿಂದ ನಿಮ್ಮ ಯಂತ್ರದ ಕೆಳಗೆ, ಅಕ್ಕಪಕ್ಕ ಏನೇನಿದೆ ನೋಡಿ. ಮ್ಯಾಗ್ನೆಟ್ ಇರುವ ಫೋನ್ ಕವರ್, ಟ್ಯಾಬ್ಲೆಟ್ ಕವರ್, ಮ್ಯಾಗ್ನೆಟ್ ಮುಚ್ಚಳದ ಬ್ಯಾಗ್, ಸ್ಪೀಕರ್, ಕೈಗಡಿಯಾರದ ಮ್ಯಾಗ್ನೆಟ್ ಪಟ್ಟಿ. ಎಲ್ಲ ದೂರ ಇಟ್ಟು ಬರಿಯ ಮರದ ಮೇಜಿನ ಮೇಲೆ ಯಂತ್ರವನ್ನು ಇಡಿ.

ಇನ್ನೊಂದು ಬಗೆಯ ಯಂತ್ರಗಳಿವೆ. ಅವುಗಳಲ್ಲಿ ಪರದೆಯೊಳಗೆ ಒಂದು, ಕೆಳಭಾಗದಲ್ಲಿ ಒಂದು, ಹೀಗೆ ಎರಡು ಆಕ್ಸೆಲೆರೋಮೀಟರ್ ಇರುತ್ತವೆ. ಭೂಮಿ ಯಾವ ಕಡೆಗಿದೆ ಎಂದು ಎರಡೂ ಬೇರೆ ಬೇರೆ ಹೇಳುತ್ತವೆ. ಎರಡು ಉತ್ತರಗಳನ್ನು ಹೋಲಿಸಿ ಮಧ್ಯದ ಕೋನ ಲೆಕ್ಕ ಹಾಕುವುದು. ಜಾಣ ಉಪಾಯ, ಆದರೆ ಒಂದು ಭಂಗಿಯಲ್ಲಿ ಇದು ಪೂರಾ ಕುರುಡು. ಯಂತ್ರವನ್ನು ಪುಸ್ತಕದ ಹಾಗೆ ಹಿಂಜ್ ನೆಟ್ಟಗಾಗುವಂತೆ ನಿಲ್ಲಿಸಿ ನೋಡಿ. ಪುಟ ಎಷ್ಟೇ ತೆರೆಯಿರಿ, ಮುಚ್ಚಿರಿ, ಎರಡೂ ಸೆನ್ಸರುಗಳಿಗೆ ಭೂಮಿ ಹಿಂಜಿನ ಉದ್ದಕ್ಕೇ ಕೆಳಗಿದೆ. ಕೋನ ಬದಲಾದದ್ದು ಗೊತ್ತೇ ಆಗುವುದಿಲ್ಲ. ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ನೋಡುವವರು, ಮಡಚಿದ್ದನ್ನು ಹಾಗೇ ನಿಲ್ಲಿಸಿ ಬಿಚ್ಚುವವರು, ಇದಕ್ಕೆ ಗೊಂದಲ ಹುಟ್ಟಿಸುವುದು ಹೀಗೆ.

ಈಗ ಮಾಡಬೇಕಾದದ್ದು. ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟು ಪರದೆಯನ್ನು ನಿಧಾನಕ್ಕೆ ಪೂರ್ತಿ ಹಿಂದಕ್ಕೆ ಮಡಚಿ. ಒಂದು ಕ್ಷಣ ಬಿಡಿ. ವಾಪಸ್ ತಂದು ಪೂರ್ತಿ ಮುಚ್ಚಿ. ಹತ್ತು ಎಣಿಸಿ ತೆರೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಗಲಿಲ್ಲವೇ? ನೀವು ನಾಲ್ಕು ಸಲ ಆಫ್ ಮಾಡಿದೆ ಎಂದಿರಿ, ಆದರೆ ಅದು ನಿಜವಾದ ಆಫ್ ಅಲ್ಲದಿರಬಹುದು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದಾಗ ಅದು ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎದ್ದೇಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಶುರು. ಹೆಸರು ನೋಡಿದರೆ ಉಲ್ಟಾ ಅನ್ನಿಸುತ್ತದೆ, ಏನು ಮಾಡುವುದು. ಒಮ್ಮೆ ರೀಸ್ಟಾರ್ಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್, ಮೌಸ್ ಎಲ್ಲ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಹಲವು ಯಂತ್ರಗಳಲ್ಲಿ ಇದರಿಂದ ಕಂಟ್ರೋಲರ್ ಚಿಪ್ಪೂ ಮರುಹುಟ್ಟು ಪಡೆಯುತ್ತದೆ. ಕೆಲವು ಮಾದರಿಗಳಲ್ಲಿ ಇದಕ್ಕೆಂದೇ ಅಡಿಯಲ್ಲಿ ಪಿನ್ ತೂರುವಷ್ಟು ಚಿಕ್ಕ ತೂತು ಇರುತ್ತದೆ. ಕಂಪನಿಯ ಕೈಪಿಡಿಯಲ್ಲಿ ಅದು ಎಲ್ಲಿದೆ ಎಂದು ನೋಡದೆ ಕಂಡ ತೂತಿಗೆಲ್ಲ ಪಿನ್ ತೂರಿಸಬೇಡಿ, ಮೈಕಿನ ತೂತೂ ಹಾಗೇ ಇರುತ್ತದೆ.

ಇಲ್ಲಿಗೂ ಮುಗಿಯದಿದ್ದರೆ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲೇ ಎದ್ದು ಯಂತ್ರವನ್ನು ಶುರು ಮಾಡುವ ಪುಟ್ಟ ಸಾಫ್ಟ್‌ವೇರಿಗೆ ಹೋಗಿ. ಕೀಬೋರ್ಡ್ ಇಲ್ಲದೆ ಹೇಗೆ ಅಂತೀರಾ? ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ ಅಡ್ವಾನ್ಸ್ಡ್ ಸ್ಟಾರ್ಟಪ್. ಮುಂದೆ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಎಲ್ಲವನ್ನೂ ಮುಟ್ಟಿಕೊಂಡೇ ಹೋಗಬಹುದು. ಅಲ್ಲಿ ಬಾಣದ ಕೀ ಒತ್ತಿದಾಗ ಗೆರೆ ಮೇಲೆ ಕೆಳಗೆ ಹೋದರೆ ಕೀಬೋರ್ಡ್ ಚೆನ್ನಾಗಿದೆ, ತೊಂದರೆ ವಿಂಡೋಸ್ ಕಡೆಯದು. ಏನನ್ನೂ ಬದಲಿಸದೆ ಹೊರಗೆ ಬನ್ನಿ. ಹಾಗಂತ ಗೆರೆ ಹೋಗದಿದ್ದರೆ ಕೀಬೋರ್ಡ್ ಸತ್ತಿದೆ ಎಂದುಕೊಳ್ಳಬೇಡಿ. ಕೆಲವು ಯಂತ್ರಗಳಲ್ಲಿ ಬಾಯಿ ಮುಚ್ಚಿಸುವ ಕೆಲಸವನ್ನು ಕಂಟ್ರೋಲರ್ ಚಿಪ್ಪೇ ಮಾಡುತ್ತದೆ, ಅಲ್ಲಿಗೆ ವಿಂಡೋಸ್ ಲೆಕ್ಕಕ್ಕೇ ಇಲ್ಲ.

ವಿಂಡೋಸ್ ಕಡೆಯದಾದರೆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾದರಿಯ ಸಂಖ್ಯೆ ಹಾಕಿ ಬಯೋಸ್, ಚಿಪ್‌ಸೆಟ್, ಸೆನ್ಸರ್ ಡ್ರೈವರ್‌ಗಳನ್ನು ಹೊಸದಾಗಿ ಹಾಕಿಕೊಳ್ಳಿ. ಬಯೋಸ್ ಹಾಕುವಾಗ ಚಾರ್ಜರ್ ಸಿಕ್ಕಿಸಿಯೇ ಇರಲಿ. ‘ಡ್ರೈವರ್ ತಾನೇ ಹುಡುಕಿ ಹಾಕುತ್ತೇವೆ’ ಎನ್ನುವ ಬಿಟ್ಟಿ ಸಾಫ್ಟ್‌ವೇರುಗಳ ಸಹವಾಸ ಬೇಡ. ಅವುಗಳಿಂದ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ.

ಕೊನೆಗೂ ರಿಪೇರಿಯವರ ಹತ್ತಿರ ಹೋಗಲೇಬೇಕಾದರೆ ಒಂದು ವಿಷಯ ಗಮನಿಸಿಕೊಂಡು ಹೋಗಿ. ಕೀಬೋರ್ಡಿನ ಕೇಬಲ್ ಹಿಂಜ್ ಮೂಲಕ ಹಾದುಹೋಗುವುದಿಲ್ಲ, ಕೀಬೋರ್ಡೂ ಮದರ್‌ಬೋರ್ಡೂ ಇರುವುದು ಕೆಳಗಿನ ಅರ್ಧದಲ್ಲೇ. ಆದರೆ ಪರದೆಯೊಳಗೆ ಸೆನ್ಸರ್ ಇದ್ದರೆ ಅದರ ತಂತಿ ಹಿಂಜ್ ಮೂಲಕವೇ ಬರಬೇಕು. ದಿನಕ್ಕೆ ಹತ್ತು ಸಲ ಮಡಚುವಾಗ ಸವೆಯುವುದು ಅದು. ಪರದೆಯನ್ನು ಒಂದು ನಿರ್ದಿಷ್ಟ ಕೋನಕ್ಕೆ ತಂದಾಗ ಕೀಬೋರ್ಡ್ ಬಂದು, ಇನ್ನೊಂದಕ್ಕೆ ಹೋದಾಗ ಮಾಯವಾದರೆ, ಅದನ್ನು ಅವರ ಎದುರಿಗೇ ಮಾಡಿ ತೋರಿಸಿ. ಮದರ್‌ಬೋರ್ಡ್ ಎಂದವರು ಆ ತಂತಿಯನ್ನು ಮೊದಲು ನೋಡುತ್ತಾರೆ. ಮೂರು ವರ್ಷದ ಯಂತ್ರಕ್ಕೆ ಹೊಸ ಮದರ್‌ಬೋರ್ಡ್ ಅಂದರೆ ಮೂಗಿಗಿಂತ ಮೂಗುತಿ ಭಾರ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ. ಬೆರಳು ಆಡಿಸಿದರೆ ಬಾಣ ಓಡುತ್ತದೆ, ಒತ್ತಿದರೆ ಗಟ್ಟಿ. ಒಂದು ಕಡೆ ಸ್ವಲ್ಪ ಎದ್ದ ಹಾಗಿದೆ. ಮೇಜಿನ ಮೇಲೆ ಇಟ್ಟರೆ ಕುಂಟುತ್ತದೆ. ಒಳಗೆ ಧೂಳು ಸೇರಿರಬಹುದೇ? ಒತ್ತಿ ಕೂರಿಸಲೇ?

ಉತ್ತರ: ದಯವಿಟ್ಟು ಒತ್ತಬೇಡಿ. ಇದು ಧೂಳಲ್ಲ, ಬ್ಯಾಟರಿ ಊದಿರುವ ಲಕ್ಷಣ. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಇರುವುದು ಹೆಚ್ಚಾಗಿ ಟಚ್‌ಪ್ಯಾಡಿನ ಕೆಳಗೆ ಅಥವಾ ಪಕ್ಕದಲ್ಲಿ. ಒಳಗೆ ಅನಿಲ ತುಂಬಿ ಅದು ಉಬ್ಬಿದಾಗ ಟಚ್‌ಪ್ಯಾಡನ್ನು ಕೆಳಗಿನಿಂದ ತಳ್ಳುತ್ತದೆ, ಅಡಿಯ ತಟ್ಟೆ ಬಗ್ಗುತ್ತದೆ, ಅದಕ್ಕೇ ಕುಂಟುವುದು. ಈ ಸಂಚಿಕೆ ಕೈಗೆ ಬಂದ ಕೂಡಲೇ ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ಮತ್ತೆ ಚಾರ್ಜ್ ಮಾಡಬೇಡಿ. ಹಾಸಿಗೆ, ಕಾಗದ, ಬಟ್ಟೆಗಳ ಹತ್ತಿರ ಇಡಬೇಡಿ. ಬ್ಯಾಟರಿಯನ್ನು ನೀವೇ ಮೀಟಿ ತೆಗೆಯಲು ಹೋಗಬೇಡಿ, ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಬ್ಯಾಟರಿ ಬದಲಿಸಿದರೆ ಟಚ್‌ಪ್ಯಾಡ್ ಬಹುತೇಕ ತಾನಾಗಿಯೇ ಸರಿಯಾಗುತ್ತದೆ. ತೆಗೆದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ನನ್ನ ಕೀಬೋರ್ಡ್ ಸತ್ತಿಲ್ಲ, ಆದರೆ ಸೋಮಾರಿಯಾಗಿದೆ. ಪ್ರತಿ ಕೀಯನ್ನೂ ಒಂದು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡುತ್ತದೆ. ಬೇಗ ಟೈಪ್ ಮಾಡಿದರೆ ಏನೂ ಬರುವುದಿಲ್ಲ. ಮಗಳು ವೈರಸ್ ಅನ್ನುತ್ತಾಳೆ.

ಉತ್ತರ: ವೈರಸ್ ಅಲ್ಲ, ನಿಮ್ಮದೇ ಬಲಗೈ ಕಿರುಬೆರಳು. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯಕ್ಕೆ ಕರೆ ಹೋಗುತ್ತದೆ. ಕೈ ನಡುಗುವವರಿಗೆ ಬೇಡದ ಕೀ ಬೀಳದಿರಲಿ ಎಂದು ಮಾಡಿದ್ದು, ಒಳ್ಳೆಯ ಸೌಲಭ್ಯವೇ. ನೀವು ಯೋಚಿಸುತ್ತಾ ಕೈಯನ್ನು ಅಲ್ಲೇ ಊರಿಕೊಂಡು ಕೂತಿರುತ್ತೀರಿ, ಒಂದು ಬೀಪ್ ಬರುತ್ತದೆ, ಏನೋ ಪ್ರಶ್ನೆ ಕೇಳುತ್ತದೆ, ಓದದೆ ಎಂಟರ್ ಹೊಡೆಯುತ್ತೀರಿ. ನಾವೆಲ್ಲ ಮಾಡುವುದು ಅದನ್ನೇ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್, ಅಲ್ಲಿ ಫಿಲ್ಟರ್ ಕೀಸ್ ಆಫ್ ಮಾಡಿ. ಅದರ ಒಳಗೇ ಶಿಫ್ಟ್ ಒತ್ತಿ ಹಿಡಿಯುವ ಶಾರ್ಟ್‌ಕಟ್ ಎಂದು ಇನ್ನೊಂದು ಗುಂಡಿ ಇದೆ, ಅದನ್ನೂ ಆಫ್ ಮಾಡಿಬಿಡಿ. ಇಲ್ಲದಿದ್ದರೆ ಮುಂದಿನ ಸಲ ಯೋಚನೆಗೆ ಬಿದ್ದಾಗ ಮತ್ತೆ ಪತ್ರ ಬರೆಯುತ್ತೀರಿ.