ಸೂರ್ಯಾಸ್ತ ಸಾಕು, ಆಲೆಮನೆಗೆ ಹೋಗಿ

ಪ್ರಶ್ನೆ: ಸರ್, ಬಿ.ಕಾಂ. ಮುಗಿಸಿ ಊರಲ್ಲೇ ಇದ್ದೇನೆ. ಫೋಟೊ ತೆಗೆಯುವ ಹುಚ್ಚು. ಆನ್‌ಲೈನ್‌ನಲ್ಲಿ ಸ್ಟಾಕ್ ಫೋಟೊ ಮಾರಿದರೆ ಡಾಲರ್ ಬರುತ್ತೆ ಅಂತ ಗೆಳತಿ ಹೇಳಿದಳು. ಕೆಆರ್‌ಎಸ್ ಸೂರ್ಯಾಸ್ತ, ರಂಗನತಿಟ್ಟಿನ ಹಕ್ಕಿ, ಅರಮನೆ ದೀಪ ಸೇರಿ 40 ಫೋಟೊ ಹಾಕಿದೆ. 11 ಪಾಸಾದವು. ನಾಲ್ಕು ತಿಂಗಳಾಯಿತು, ಒಂದೂ ಹೋಗಿಲ್ಲ. ಸಾಲ ಮಾಡಿ 70 ಸಾವಿರದ ಕ್ಯಾಮೆರಾ ತಗೊಳ್ಳಲಾ?
– ಓದುಗಿ, ಪಾಂಡವಪುರ ತಾಲ್ಲೂಕು

ಉತ್ತರ: ಬೇಡಮ್ಮ. ನಮ್ಮ ಫೋಟೊಗಳನ್ನು ತಮ್ಮ ವೆಬ್‌ಸೈಟಿನಲ್ಲಿಟ್ಟು ಬೇಕಾದವರಿಗೆ ಮಾರುವ ಈ ಸ್ಟಾಕ್ ಕಂಪನಿಗಳು ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್. ನಿಮ್ಮ ಫೋನೇ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಒಳ್ಳೇ ಬೆಳಕಲ್ಲಿ ತೆಗೆಯಿರಿ, ಅಷ್ಟೇ. ರಾತ್ರಿ ತೆಗೆದದ್ದು ಕಾಳುಕಾಳಾಗಿ ಬಂದು ಫೇಲಾಗುತ್ತದೆ.

ನಾನು ಮೈಸೂರಿನ ಅಗ್ರಹಾರದಲ್ಲಿ 22 ವರ್ಷ ಸ್ಟುಡಿಯೊ ನಡೆಸಿದವನು. ಸ್ಟಾಕ್‌ಗೆ ಇಳಿದ ಹೊಸದರಲ್ಲಿ ನಾನೂ ಅರಮನೆಯನ್ನೇ ಹಾಕಿದ್ದೆ. ಭಾನುವಾರ ಸಂಜೆ ದೀಪ ಹತ್ತಿದಾಗ ಅಲ್ಲಿ ನಿಂತವರೆಲ್ಲರ ಕೈಯಲ್ಲೂ ಕ್ಯಾಮೆರಾ ಇರುತ್ತದೆ, ಅಲ್ವಾ? ರಂಗನತಿಟ್ಟಿಗೆ ತೋಳುದ್ದದ ಲೆನ್ಸ್ ಹೊತ್ತು ಬರುವವರ ಮುಂದೆ ನಮ್ಮ ಫೋನು ಏನು ಮಾಡೀತು? ಫೋಟೊ ಕೊಳ್ಳುವವರು ಯಾರು ಅಂತ ಯೋಚಿಸಿ. ಅಡುಗೆ ಲೇಖನಕ್ಕೆ ಚಿತ್ರ ಹುಡುಕುವವರು, ಪಠ್ಯಪುಸ್ತಕ ಮಾಡುವವರು, ಸಿರಿಧಾನ್ಯ ಮಾರುವವರು. ಅವರಿಗೆ ಸೂರ್ಯಾಸ್ತ ಬೇಕಿಲ್ಲ.

ನನ್ನ ಕೈ ಹಿಡಿದದ್ದು ಮದ್ದೂರಿನ ಹತ್ತಿರದ ಒಂದು ಆಲೆಮನೆ. ಬೆಳಿಗ್ಗೆ ಏಳು ಗಂಟೆ, ಕೊಪ್ಪರಿಗೆಯ ಹಬೆಯ ಮೇಲೆ ಓರೆ ಬಿಸಿಲು, ಒಬ್ಬ ಅಣ್ಣ ಪಾಕವನ್ನು ಅಚ್ಚಿಗೆ ಸುರಿಯುತ್ತಿದ್ದ. ಖುಷಿಯಾಗಿ ತೆಗೆದು ಹಾಕಿದೆ. ವಾಪಸ್ ಬಂತು! ನೋಡಿದರೆ ಹಿಂದೆ ಗೊಬ್ಬರದ ಚೀಲ, ಅದರ ಮೇಲೆ ಕಂಪನಿ ಹೆಸರು ಎದ್ದು ಕಾಣುತ್ತಿತ್ತು. ಮತ್ತೆ ಹೋಗಿ ಚೀಲ ತಿರುಗಿಸಿಟ್ಟು ತೆಗೆದೆ. ಈ ಸಲ ಮುಖ ಕಾಣುತ್ತಿದೆ, ಒಪ್ಪಿಗೆ ಪತ್ರ ಎಲ್ಲಿ ಅಂದರು. ಮಾಡೆಲ್ ರಿಲೀಸ್ ಅನ್ನುತ್ತಾರೆ ಅದಕ್ಕೆ. ಮೂರನೇ ಸಲ ಕಾಗದ ಹಿಡಿದು ಹೋದೆ. ‘ಜಮೀನು ಗಿಮೀನು ಬರೆಸ್ಕೊಳ್ತಿಲ್ಲ ತಾನೇ?’ ಅಂದ ಆ ಅಣ್ಣ. ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆ ಸಹಿ ಹಾಕಿದ. ತಮಾಷೆ ಅಂದರೆ, ಕೊನೆಗೆ ಜಾಸ್ತಿ ಹೋದದ್ದು ಅವನ ಮುಖ ಇರುವುದಲ್ಲ. ಎರಡು ಕೈ, ನಾಲ್ಕು ಅಚ್ಚು ಬೆಲ್ಲ, ಪಕ್ಕದಲ್ಲಿ ಸುಮ್ನೆ ಖಾಲಿ ಬಿಟ್ಟ ಜಾಗ. ಆ ಜಾಗದಲ್ಲಿ ಫೋಟೊ ಕೊಂಡವರು ಅಕ್ಷರ ಕೂರಿಸಿಕೊಳ್ಳುತ್ತಾರೆ.

ಅರಮನೆ, ದೇವರಾಜ ಮಾರ್ಕೆಟ್ಟಿನ ಜನ, ದಸರಾ ಮೆರವಣಿಗೆ ಹಾಕುವುದಾದರೆ ಶಟರ್‌ಸ್ಟಾಕ್ ಅನ್ನುವ ಕಂಪನಿಗೆ ‘ಎಡಿಟೋರಿಯಲ್’ ಅಂತ ಗುರುತು ಮಾಡಿ ಕಳಿಸಿ. ಅಂಥವನ್ನು ಸುದ್ದಿ, ಲೇಖನಕ್ಕೆ ಬಳಸಬಹುದು, ಜಾಹೀರಾತಿಗೆ ಬಳಸುವಂತಿಲ್ಲ.

ಇನ್ನು ದುಡ್ಡು. ಶಟರ್‌ಸ್ಟಾಕ್‌ನಲ್ಲಿ 2020ರ ಜೂನ್‌ನಿಂದ ನಮ್ಮ ಪಾಲು 15ರಿಂದ 40 ಪರ್ಸೆಂಟ್. ಹೊಸಬರಿಗೆ 15, ಹೆಚ್ಚು ಮಾರಿದಂತೆ ಮೇಲಿನ ಮೆಟ್ಟಿಲು. ಎಷ್ಟೇ ಮೇಲೆ ಹತ್ತಿದ್ದರೂ ಜನವರಿ 1ಕ್ಕೆ ಮತ್ತೆ ಮೊದಲ ಮೆಟ್ಟಿಲು. ಒಂದು ಫೋಟೊಗೆ 10 ಸೆಂಟ್ ಬಂದದ್ದೂ ಉಂಟು. ಎಂಟೊಂಬತ್ತು ರೂಪಾಯಿ, ಒಂದು ಟೀಗೂ ಸಾಲದು. ಅಡೋಬಿ ಸ್ಟಾಕ್ ಫೋಟೊಗೆ 33 ಪರ್ಸೆಂಟ್ ಕೊಡುತ್ತದೆ. 25 ಡಾಲರ್ ಸೇರಿದ ಮೇಲೆ ತೆಗೆಯಬಹುದು. ನನಗೆ ಆ ಮೊದಲ 25 ಸೇರಲು 14 ತಿಂಗಳು ಹಿಡಿಯಿತು, ಅದೂ 300 ಫೋಟೊ ಹಾಕಿದ ಮೇಲೆ. ಈಗ ತಿಂಗಳ ಕರೆಂಟ್ ಬಿಲ್ ಕಟ್ಟುವಷ್ಟು ಬರುತ್ತದೆ. ಕ್ಯಾಮೆರಾ ಕಂತು ಕಟ್ಟುವಷ್ಟು ಖಂಡಿತ ಅಲ್ಲ. ಒಂದೇ ಫೋಟೊವನ್ನು ಎರಡೂ ಕಡೆ ಹಾಕಬಹುದು, ತಪ್ಪೇನಿಲ್ಲ. ಖಾತೆ ತೆರೆದಾಗ ಡಬ್ಲ್ಯು-8ಬೆನ್ ಅನ್ನುವ ತೆರಿಗೆ ಫಾರಂ ತುಂಬಿ, ಪ್ಯಾನ್ ನಂಬರ್ ಹಾಕಿ. ಇಲ್ಲದಿದ್ದರೆ ಅಮೆರಿಕದಲ್ಲಿ ಮಾರಾಟವಾದದ್ದಕ್ಕೆ 15ರ ಬದಲು 30 ಪರ್ಸೆಂಟ್ ಮುರಿಯುತ್ತಾರೆ.

ನಿಜವಾದ ಕೂಲಿ ಕೆಲಸ ಕೀವರ್ಡ್, ಅಂದರೆ ಹುಡುಕಿದವರಿಗೆ ಸಿಗಲಿ ಅಂತ ಫೋಟೊ ಜೊತೆ ಬರೆಯುವ ಪದಗಳು. ‘ಬೆಲ್ಲ’ ಅಂತ ಯಾರೂ ಹುಡುಕುವುದಿಲ್ಲ. ‘ಜ್ಯಾಗರಿ’, ‘ಗುಡ್’ (ಹಿಂದಿಯಲ್ಲಿ ಬೆಲ್ಲ), ‘ಶುಗರ್‌ಕೇನ್’ ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ ನವೆಂಬರ್‌ಗೇ ಹಾಕಿ. ಹಬ್ಬದ ದಿನ ಹಾಕಿದರೆ ಮದುವೆ ಮುಗಿದ ಮೇಲೆ ಓಲಗ ಊದಿದ ಹಾಗೆ. ಪಾಸಾಗದ 29 ಯಾಕೆ ಬಿದ್ದವು ಅಂತ ಒಂದೊಂದರ ಕೆಳಗೂ ಬರೆದಿರುತ್ತಾರೆ, ಕೂತು ಓದಿ.

ಎಐ ಬಂತಲ್ಲ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊನ್ನೆ ಅದಕ್ಕೆ ರಾಗಿ ಮುದ್ದೆ ಚಿತ್ರ ಕೊಡು ಅಂದೆ. ಚಾಕೊಲೇಟ್ ಲಾಡು ಕೊಟ್ಟಿತು, ಪಕ್ಕದಲ್ಲಿ ಫೋರ್ಕು! ನಿಮ್ಮಮ್ಮ ಮುದ್ದೆ ಕೋಲು ತಿರುಗಿಸುವಾಗ ಕಿಟಕಿ ಪಕ್ಕ ನಿಂತು ತೆಗೆಯಿರಿ. ಅಮ್ಮನ ಸಹಿ ಮರೆಯಬೇಡಿ.

ಪ್ರಶ್ನೆ: ಹತ್ತು ವರ್ಷದ ಮದುವೆ ಫೋಟೊಗಳು ನನ್ನ ಹಾರ್ಡ್ ಡಿಸ್ಕ್‌ನಲ್ಲಿವೆ. ಅವನ್ನೇ ಸ್ಟಾಕ್‌ಗೆ ಹಾಕಬಹುದಾ?
– ಸ್ಟುಡಿಯೊ ಮಾಲೀಕರು, ಮೈಸೂರು

ಉತ್ತರ: ಸುಮ್ನೆ ಹಾಕಿಬಿಡಬೇಡಿ. ಗುರುತು ಸಿಗುವ ಒಬ್ಬೊಬ್ಬರದ್ದೂ ಸಹಿ ಬೇಕು, ಮಕ್ಕಳಿದ್ದರೆ ಅಪ್ಪ ಅಥವಾ ಅಮ್ಮನದ್ದು. ಗಂಡು ಹೆಣ್ಣು ಇಬ್ಬರೇ ಇರುವ, ಇಲ್ಲವೇ ಬರೀ ಮೆಹೆಂದಿ ಕೈ, ಧಾರೆ, ಬಾಸಿಂಗದ ಚಿತ್ರ ಆರಿಸಿ. ಹಳೇ ಗಿರಾಕಿಯ ಮನೆಗೆ ಪ್ರಿಂಟ್ ಹಿಡಿದು ಹೋಗಿ ಕೇಳಿ. ಒಪ್ಪಿದರೆ ಸಹಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಕಾಫಿ ಕುಡಿದು ಬನ್ನಿ.